ಏರುತ್ತಲೇ ಇದ್ದ ಬಾಡಿಗೆ

ಮುರುಗಮಲ್ಲದ ದರ್ಗಾದ ಎದುರು ಅಬ್ಬಾ ಬಿಟ್ಟುಹೋದ ಒಂದು ಪುಟ್ಟ ಅಂಗಡಿಯಿದೆ. ಅದರ ಬಾಡಿಗೆ ವರ್ಷ ವರ್ಷ ನೂರಕ್ಕೆ ಐದರಂತೆ ಏರುತ್ತದೆ. ಆ ಏರಿಕೆ ನನ್ನ ಅಮ್ಮಿ ಷಮೀಮ್‌ಗೆ ದೇವರು ಕೊಟ್ಟ ಬರ್ಕತ್. ಹತ್ತು ವರ್ಷದಿಂದ ಬಾಡಿಗೆಯಷ್ಟನ್ನೂ ಹಜ್ ಯಾತ್ರೆಗೆಂದು ಬ್ಯಾಂಕಿನಲ್ಲಿಟ್ಟಿದ್ದಾರೆ. ಬಡ್ಡಿ ಬಿದ್ದರೆ ಮುಟ್ಟುವುದಿಲ್ಲ, ತೆಗೆದು ಬಡವರಿಗೆ ಕೊಟ್ಟುಬಿಡುತ್ತಾರೆ. ಕೂಡಿದ್ದು ಎರಡು ಲಕ್ಷ. ಹಜ್‌ಗೆ ಈಗ ನಾಲ್ಕು ಬೇಕು. ಅವರು ಒಂದು ಹೆಜ್ಜೆ ಇಟ್ಟರೆ ಮಕ್ಕಾ ಎರಡು ಹೆಜ್ಜೆ ಹಿಂದೆ ಸರಿಯುತ್ತಿತ್ತು. ನನಗೆ ಮೈ ಉರಿಯುತ್ತಿತ್ತು.

ಕರಾರು ಮುಗಿದು, ಅಂಗಡಿಯಲ್ಲಿ ದರ್ಗಾದ ಗೋರಿಗೆ ಹೊದಿಸುವ ಚಾದರ ಮಾರುವ ಉಮರ್ ಫಾರೂಕ್ ಚಿಂತಾಮಣಿಯ ನಮ್ಮ ಮನೆಗೆ ಬಂದರು.

"ಖಾಲಾ, ಇನ್ನೂ ಹತ್ತು ವರ್ಷ ಹೀಗೇ ಏರಿಸ್ತಾ ಕೊಡ್ತೀನಿ, ಒಟ್ಟು ಮೂರು ಲಕ್ಷ ಆಗ್ತದೆ. ಹತ್ತು ವರ್ಷದ್ದೂ ಒಂದೇ ಸಲ ಬೇಕಂದ್ರೆ ಇವತ್ತೇ ಎರಡು ಲಕ್ಷ."

"ಮೂರು ಬಿಟ್ಟು ಎರಡು ಯಾರಾದ್ರೂ ತಗೋತಾರಾ? ತಿಂಗಳು ತಿಂಗಳು ಬಂದ್ರೆ ನನ್ನ ಕಾಲಾನಂತರ ಆಸ್ಮಾಗೂ ಆಗ್ತದೆ," ಎಂದರು ಅಮ್ಮಿ, ನನ್ನತ್ತ ನೋಡಿ.

ನನಗೆ ತಡೆಯಲಾಗಲಿಲ್ಲ. "ಉಮರ್ ಭಾಯ್, ಹತ್ತು ವರ್ಷದ ಹಿಂದೆ ನಿಮ್ಮ ಚಾದರ ಎಷ್ಟಿತ್ತು?"

"ನೂರು ರೂಪಾಯಿ. ಈಗ ಇನ್ನೂರ ನಲವತ್ತು."

"ಕೇಳಿಸ್ತಾ ಅಮ್ಮಿ? ಆಗ ಒಂದು ತಿಂಗಳ ಬಾಡಿಗೆಗೆ ಹನ್ನೆರಡು ಚಾದರ ಬರ್ತಿತ್ತು. ಈಗ ಎಂಟು. ಹೀಗೇ ಹೋದ್ರೆ ಇನ್ನು ಹತ್ತು ವರ್ಷಕ್ಕೆ ಐದೋ ಆರೋ. ಆ ಮೂರು ಲಕ್ಷಕ್ಕೂ ಇವತ್ತಿನ ಎರಡು ಲಕ್ಷಕ್ಕೂ ವ್ಯತ್ಯಾಸವೇ ಇಲ್ಲ."

ಅಮ್ಮಿ ಉಮರ್ ಕಡೆ ತಿರುಗಿದರು. "ಪ್ರತಿ ವರ್ಷ ಜಾಸ್ತಿ ಕೊಟ್ಟೂ ಕಮ್ಮಿ ಕೊಟ್ಯಾ, ಉಮರ್?"

ಉಮರ್ ತಲೆ ತಗ್ಗಿಸಿದರು. ತಪ್ಪು ಅವರದೂ ಅಲ್ಲ, ಮಾತಿನಂತೆ ಕೊಟ್ಟಿದ್ದರು. ನಾನು ಗೆದ್ದೆ ಎಂದುಕೊಂಡೆ. ಆದರೆ ಅಮ್ಮಿಯ ಮುಖ ಬಾಡಿತ್ತು.

"ಎಲ್ಲಾ ಹಜ್‌ಗೆ ಹೋದ್ರೆ ಹತ್ತು ವರ್ಷ ನಿನಗೇನಮ್ಮ ಉಳೀತದೆ?"

"ದುಡೀತಿದ್ದೀನಲ್ಲ ಅಮ್ಮಿ."

ಅವರು ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡರು. "ಚಾದರ ಕಮ್ಮಿ ಆಗಿದ್ದು ನೀನು ಲೆಕ್ಕ ಹಾಕ್ದೆ. ಈ ಕಾಲುಗಳು ಎಷ್ಟು ಕಮ್ಮಿ ಆದ್ವು ಅಂತ ಯಾರೂ ಕೇಳ್ಲಿಲ್ಲ. ಹೋದ ವರ್ಷ ನಿಂತು ನಮಾಜ್ ಮಾಡ್ತಿದ್ದೆ. ಈಗ ಕುರ್ಚಿ."

ನನ್ನ ಕೋಪವೆಲ್ಲ ಇಳಿದುಹೋಯಿತು. ಕಣ್ಣು ತುಂಬಿ ಬಂತು.

"ಇವತ್ತೇ ತಗೊಂಬಾ ಉಮರ್," ಎಂದರು ಅಮ್ಮಿ. "ಈ ವರ್ಷ ಇನ್ನೂ ನಡೀತೀನಿ."