ಕಿವಿ ಮೇಷ್ಟ್ರ ಪರೀಕ್ಷೆ

ಸಂಶೋಧನಾ ಪ್ರಬಂಧಕ್ಕೆ ಒಂದೊಂದು ವಿಷಯ ಆರಿಸಿಕೊಂಡು ಬನ್ನಿ ಎಂದು ವಿಜ್ಞಾನದ ಟೀಚರ್ ಹೇಳಿದ್ದೇ ತಡ, ಇಡೀ ಹತ್ತನೇ ಕ್ಲಾಸು ಸೌರಶಕ್ತಿ, ಪ್ಲಾಸ್ಟಿಕ್, ಜೇನುಹುಳು ಎಂದು ಹಳೇ ಸರಕನ್ನೇ ಹೊತ್ತು ತಂದಿತು. ಪುಟ್ಟಿ ಮಾತ್ರ ಎದ್ದು ನಿಂತು, "ಕಾರಿನ ಸ್ಟೀರಿಯೋ, ಟೀಚರ್" ಎಂದಳು. ಹಿಂದಿನ ಬೆಂಚು ಕಿಸಕ್ಕೆಂದಿತು.

"ಅದ್ರಲ್ಲೇನಮ್ಮ ಸಂಶೋಧನೆ?"

ಪುಟ್ಟಿಗೆ ಎಲ್ಲಿಲ್ಲದ ರೋಷ ಬಂತು. "ನಮ್ಮಪ್ಪ ಮೀಟರ್ ಮುಟ್ಟದೆ ಬರೀ ಕಿವೀಲೇ ಟ್ಯೂನ್ ಮಾಡ್ತಾರೆ. ಅವ್ರ ಕಿವಿ ಯಾವ ಮೀಟರಿಗೂ ಕಮ್ಮಿ ಇಲ್ಲ ಅಂತ ತೋರಿಸ್ತೀನಿ, ಟೀಚರ್."

"ಸರಿ, ಒಂದು ಸಲ ಅಳತೆ ಮಾಡಿ ಸೋಮವಾರ ತಗೊಂಡ್ ಬಾ. ಆಮೇಲೆ ಒಪ್ಪೋಣ."

ಜಂಬ ಇತ್ತು, ಆದರೆ ಸುಳ್ಳಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಅಪ್ಪ ಕಾರುಗಳಿಗೆ ಸ್ಪೀಕರ್ ಕೂರಿಸುತ್ತಿದ್ದರು. ಆ ಬೀದಿಯಲ್ಲಿ ಟೈರ್ ಬದಲಿಸಲು ಬಂದವರಿಗೂ ಅವರು 'ಕಿವಿ ಮೇಷ್ಟ್ರು' ಎಂದೇ ಗೊತ್ತು. ಕೆಲಸ ಮುಗಿದ ಮೇಲೆ ಗಾಜುಗಳನ್ನೆಲ್ಲ ಏರಿಸಿ, ಡ್ರೈವರ್ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತು, ದನಿಯನ್ನು ಪೂರ್ತಿ ಏರಿಸಿ ಕೇಳುವುದು ಅವರ ಪದ್ಧತಿ. "ಗಂಟಲು ಬಿಟ್ಟು ಕೂಗಿಸಿದ್ರೆ ತಾನೇ ಸ್ಪೀಕರ್ ಹಣೆಬರಹ ಗೊತ್ತಾಗೋದು" ಎನ್ನುತ್ತಿದ್ದರು. ದಿನಕ್ಕೆ ಮೂರು ಕಾರು, ನಾಲ್ಕು ಕಾರು. ಈಚೆಗೆ ಒಂದಿಬ್ಬರು ಗಿರಾಕಿಗಳು ವಾಪಸ್ ಬಂದು "ತುಂಬಾ ಕೀಚ್ ಅಂತಿದೆ ಮೇಷ್ಟ್ರೇ, ತಲೆ ನೋಯುತ್ತೆ" ಎಂದಿದ್ದರು. ಸಂಗೀತ ಕೇಳೋ ಯೋಗ್ಯತೆ ಬೇಕು ಎಂದು ಅಪ್ಪ ಮೂಗು ಮುರಿದಿದ್ದರು. ಪುಟ್ಟಿಯೂ ಜೊತೆಗೆ ನಕ್ಕಿದ್ದಳು.

ಭಾನುವಾರ ಮಧ್ಯಾಹ್ನ ಅಪ್ಪ ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಗೆ ಬಂದರು. ಪರೀಕ್ಷೆ ಅಂದರೆ ಸುಮ್ಮನೆಯೇ? ಪುಟ್ಟಿ ತನ್ನ ಫೋನನ್ನು ಮನೆಯ ಹಳೇ ಕಾರಿನ ಸ್ಟೀರಿಯೋಗೆ ಜೋಡಿಸಿದಳು. ನೂರು ಹರ್ಟ್ಸ್‌ನ ದಪ್ಪ ದನಿಯಿಂದ ಶುರುವಾಗಿ, ಹರ್ಟ್ಸ್ ಏರಿಸುತ್ತಾ ಸಣ್ಣ ಕೀಚಲು ದನಿಗೆ ಹೋಗುವುದು, ಕೇಳಿಸಿದ ಕೂಡಲೇ ಅಪ್ಪ ಬೆರಳೆತ್ತುವುದು, ಇಷ್ಟೇ ಆಟ.

ನೂರು. ಬೆರಳು ಮೇಲೆ. ಐನೂರು, ಸಾವಿರ, ಎರಡು ಸಾವಿರ. ಅಪ್ಪ ಮುಚ್ಚಿದ ಕಣ್ಣಲ್ಲೇ ನಗುತ್ತಿದ್ದರು. ಪುಟ್ಟಿಯ ಕಣ್ಣ ಮುಂದೆ ಹಿಂದಿನ ಬೆಂಚಿನವರ ಪೆಚ್ಚುಮೋರೆ ಬಂದು ಹೋಯಿತು. ಮೂರು ಸಾವಿರಕ್ಕೆ ಬೆರಳು ಸ್ವಲ್ಪ ತಡವಾಗಿ ಎದ್ದಿತು.

ಆರು ಸಾವಿರಕ್ಕೆ ಏಳಲೇ ಇಲ್ಲ.

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ಅವಳು ದನಿ ಏರಿಸಿದಳು. ಇನ್ನೂ ಏರಿಸಿದಳು. ಅವಳ ಹಲ್ಲು ಜುಮ್ಮೆಂದಿತು. ಎದುರಿನ ಪಂಕ್ಚರ್ ಅಂಗಡಿಯವನು ಕಿವಿ ಮುಚ್ಚಿಕೊಂಡು ಇತ್ತ ನೋಡಿದ. ಅಪ್ಪ ಮಾತ್ರ ಕತ್ತು ಓರೆ ಮಾಡಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

"ಹೂಂ, ಹಾಕು ಮಗಳೇ. ಎಷ್ಟೊತ್ತು ಕಾಯಿಸ್ತೀಯ?"

ಪುಟ್ಟಿ ತಟ್ಟನೆ ದನಿ ನಿಲ್ಲಿಸಿ, "ವೈರ್ ಲೂಸ್ ಆಗಿದೆ ಅನ್ಸುತ್ತೆ ಅಪ್ಪ" ಎಂದಳು.

ಪೆದ್ದು ಹುಡುಗಿ, ಹೋಗಿ ಹೋಗಿ ಈ ಮಾತನ್ನು ಯಾರ ಹತ್ತಿರ ಹೇಳಬೇಕು! ಲೂಸ್ ವೈರ್ ಅಂದ ಮೇಲೆ ಅಪ್ಪ ಕೈಕಟ್ಟಿ ಕೂರುವವರೇ? ಬಾಗಿಲಿನ ಒಳಹಲಗೆ ಬಿಚ್ಚಿ, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮೀಟರ್ ತಂದು, ಅದರ ಎರಡು ಕಡ್ಡಿಗಳನ್ನು ಪುಟ್ಟ ಸ್ಪೀಕರಿನ ವೈರಿಗೆ ತಾಗಿಸಿ "ಈಗ ಹಾಕು" ಎಂದರು. ಅವಳು ಹಾಕಲೇಬೇಕಾಯಿತು. ಮೀಟರಿನ ಮುಳ್ಳು ನೆಟ್ಟಗೆ ಎದ್ದು ನಿಂತಿತು; ವೈರಿಗೇನೂ ಆಗಿರಲಿಲ್ಲ. ಅಪ್ಪ ಸ್ಪೀಕರಿಗೆ ಕಿವಿಯನ್ನು ಒತ್ತಿ ಹಿಡಿದರು. ಮತ್ತೆ ಮುಳ್ಳು ನೋಡಿದರು. ಆಮೇಲೆ ಮಗಳನ್ನು ನೋಡಿದರು. ಅವಳಿಗೇ ಗೊತ್ತಿಲ್ಲದೆ ಅವಳ ಒಂದು ಕೈ ಕಿವಿ ಮುಚ್ಚಿಕೊಂಡಿತ್ತು.

ಅಪ್ಪ ಮೀಟರ್ ಕೆಳಗಿಟ್ಟರು. "ವಾಪಸ್ ಬಂದ್ರಲ್ಲ, ಅವ್ರು ಹೇಳಿದ್ದೇ ಸರಿ ಕಣೇ. ನಂಗೆ ಕೇಳಿಸ್ಲಿ ಅಂತ ನಾನು ಕೀಚಲು ದನೀನ ಏರಿಸ್ತಾ ಹೋದೆ. ಮೇಲಿಂದ ಅವ್ರನ್ನೇ ಬೈದು ಕಳಿಸ್ದೆ."

ಪುಟ್ಟಿಗೆ ಅಳು ಒತ್ತರಿಸಿ ಬಂತು. ಹಾಳು ಸಂಶೋಧನೆ, ಯಾರಿಗೆ ಬೇಕಿತ್ತು? "ನಾನು ಜೇನುಹುಳು ಬರೀತೀನಿ ಅಪ್ಪ. ಇದು ಬೇಡ. ಯಾರಿಗೂ ಹೇಳಲ್ಲ."

"ನೋಟ್‌ಬುಕ್ ತೆಗಿ. ಆರು ಸಾವಿರ, ಕೇಳಿಸ್ಲಿಲ್ಲ ಅಂತ ಬರಿ."

ಅವಳು ಬರೆದಳು. ಅಕ್ಷರ ನೆಟ್ಟಗೆ ಬೀಳಲಿಲ್ಲ.

ಅಪ್ಪ ಒಳಹಲಗೆಯನ್ನು ಮೊದಲಿನಂತೆ ಕೂರಿಸಿ ಸ್ಕ್ರೂ ಬಿಗಿದರು. ಆ ಕೈಗಳಲ್ಲಿ ಮಾತ್ರ ಒಂದಿಷ್ಟೂ ಎಡವಟ್ಟಿರಲಿಲ್ಲ. ಕೆಲಸ ಮುಗಿಸಿ ಅವಳ ಪಕ್ಕ ಬಂದು ಕೂತರು.

"ನಿನ್ನ ದನಿ ಎಷ್ಟ್ರಲ್ಲಿದೆ? ಅದನ್ನೂ ಅಳೀಬಹುದಾ?"

ಅಳೆಯಬಹುದಿತ್ತು. ಅವಳು ಫೋನನ್ನು ತುಟಿಯ ಹತ್ತಿರ ಹಿಡಿದು "ಅಪ್ಪ" ಎಂದಳು. ಪರದೆಯ ಮೇಲೆ ಗೆರೆಗಳು ಎದ್ದು ಬಿದ್ದವು. "ಇನ್ನೂರೈವತ್ತರಿಂದ ಶುರುವಾಗಿ ಮೂರು ಸಾವಿರದ ತನಕ ಹೋಗುತ್ತೆ" ಎಂದಳು.

ಅಪ್ಪ ಬೆರಳು ಮಡಚಿ ಏನೋ ಲೆಕ್ಕ ಹಾಕಿದರು. ಲೆಕ್ಕ ಹತ್ತಲಿಲ್ಲ.

"ಹಾಗಾದ್ರೆ ಇದೇ ನಿನ್ನ ವಿಷಯ ಆಗ್ಲಿ" ಎಂದರು. "ನನ್ನ ಕಿವುಡು ಆರು ಸಾವಿರದಿಂದ ಇಳಿದು ಇಳಿದು ನಿನ್ನ ದನಿ ಇರೋ ಕಡೆ ಬರೋಕೆ ಎಷ್ಟು ವರ್ಷ ಹಿಡಿಯುತ್ತೆ ಅಂತ ಹುಡುಕಿ ಬರಿ. ಟೀಚರಿಗೆ ಆಮೇಲೆ ಹೇಳು. ಮೊದ್ಲು ನಂಗೆ ಹೇಳು."