ಗುಡ್ಡೆ ಅಳೆಯೋ ಊರು

ಒಂದು ಊರಿನ ವಿಷಯ ಇದು. ಹೆಸರು ಬೇಡ. ಹೆಸರು ಹೇಳಿದ್ರೆ, ಓ ಅವರೂರಾ, ಅಂತ ಎಲ್ಲರೂ ನಿರಾಳವಾಗಿಬಿಡ್ತಾರೆ.

ಆ ಊರಲ್ಲಿ ಮನೆಯ ಮರ್ಯಾದೆ ಇದ್ದದ್ದು ಬಾಗಿಲ ಮುಂದಿನ ಕಸದ ಗುಡ್ಡೇಲಿ. ಹಿಂದೆ ಯಾವಾಗಲೋ ಒಬ್ಬ ರಾಜ ಆ ದಾರೀಲಿ ಹೋಗ್ತಾ, ಒಂದು ಮನೆ ಮುಂದೆ ರಾಶಿ ಬಿದ್ದಿದ್ದ ಎಂಜಲೆಲೆ ನೋಡಿ, "ಇವರು ಚೆನ್ನಾಗಿ ಬಾಳ್ತಿದಾರೆ" ಅಂದನಂತೆ. ಅಂದವನು ಮುಂದೆ ಹೋದ. ಆ ಮನೇಲಿ ಅವತ್ತು ತಿಥಿ ಇತ್ತು ಅನ್ನೋದು ಅವನಿಗೆ ಗೊತ್ತಿರಲಿಲ್ಲ. ಊರಿನವರು ಮಾತ್ರ ಆ ಮಾತು ಬಿಡಲಿಲ್ಲ. ಮಾರನೇ ದಿನದಿಂದ್ಲೇ ಎಲ್ಲರ ಬಾಗಿಲ ಮುಂದೂ ಗುಡ್ಡೆ ಬೆಳೆಯೋಕೆ ಶುರುವಾಯ್ತು.

ಪ್ರತಿ ಹುಣ್ಣಿಮೆ ಸಂಜೆ ಕೋಲುಗಾರ ಬಂದು ಗುಡ್ಡೆ ಅಳೀತಿದ್ದ. ಎಲ್ಲರಿಗಿಂತ ಎತ್ತರದ ಗುಡ್ಡೆ ಇರೋ ಮನೆಯವರಿಗೆ ಊರ ಯಜಮಾನ್ರು ಶಾಲು ಹೊದಿಸ್ತಿದ್ರು. ಮೂರು ಹುಣ್ಣಿಮೆ ಸಾಲಾಗಿ ಯಾರ ಗುಡ್ಡೆ ಎಲ್ಲಕ್ಕಿಂತ ಚಿಕ್ಕದೋ ಅವರು ಮನೆ ಬಿಟ್ಟು ಕೆರೆ ಆಚೆ ಹೋಗ್ಬೇಕು. ಕೆರೆ ಆಚೆ ಏನಿದೆ ಅಂತ ಯಾರೂ ಹೋಗಿ ನೋಡಿರಲಿಲ್ಲ. ಅದಕ್ಕೇ ಎಲ್ಲರಿಗೂ ಅದರ ಬಗ್ಗೆ ಚೆನ್ನಾಗಿ ಗೊತ್ತಿತ್ತು. ಮೋಸ ಆಗ್ಬಾರದು ಅಂತ ಇನ್ನೊಂದು ಕಟ್ಟಳೆ ಇತ್ತು: ಅಳತೆ ಮುಗಿಯೋವರೆಗೂ ಕಸ ಊರೊಳಗೆ ಬರೋ ಹಾಗಿಲ್ಲ, ಊರಿಂದ ಆಚೆ ಹೋಗೋ ಹಾಗೂ ಇಲ್ಲ.

ಬರೀ ಸಿಪ್ಪೆ, ಬೂದಿ ಹಾಕಿದ್ರೆ ಗುಡ್ಡೆ ಎಷ್ಟು ಬೆಳೆಯುತ್ತೆ? ಜನ ಹಳೇ ಚಾಪೆ ಎಸೆದ್ರು, ಆಮೇಲೆ ಹೊಸಾ ಚಾಪೆ ಎಸೆದ್ರು. ಅಂಗಡಿಯವನು ಜಾಣ. ಗಿರಾಕಿ ಮೆಟ್ಟಿಲು ಹತ್ತುತ್ತಿದ್ದ ಹಾಗೇ ಕೇಳ್ತಿದ್ದ, "ಬಳಸೋಕಾ, ಎಸೆಯೋಕಾ? ಎಸೆಯೋಕಾದ್ರೆ ಈ ಕಡೆ ಸಾಲು."

ಈ ಊರಲ್ಲಿ ಸಿದ್ದಾಜಮ್ಮ ಅಂತ ಒಬ್ಬಳಿದ್ಲು. ಗಂಡ ಇರಲಿಲ್ಲ, ಮಕ್ಕಳಿರಲಿಲ್ಲ. ಇದ್ದದ್ದು ಎರಡು ಅಂಕಣದ ಒಂದು ಮನೆ. ಕಾದ ಮರಳಲ್ಲಿ ಪುರಿ ಹುರಿದು ಸಂತೇಲಿ ಮಾರ್ತಿದ್ಲು. ಬೆಳಗ್ಗೆಯಿಂದ ಸಂಜೆವರೆಗೂ ಒಲೆ ಮುಂದೆ ಬೆಂದು ತಂದ ದುಡ್ಡೆಲ್ಲಾ ಆ ಎಸೆಯೋ ಸಾಲಿಗೇ ಹೋಗ್ತಿತ್ತು. ಚಾವಣಿ ಹೆಂಚು ಒಡೆದು ಮಳೆ ಬಂದಾಗ ಮೂರು ಕಡೆ ಸೋರ್ತಿತ್ತು. ಸೋರೋ ಜಾಗಕ್ಕೆ ಮಡಕೆ ಇಡೋಣ ಅಂದ್ರೆ, ಮಡಕೆ ಗುಡ್ಡೆ ಮೇಲಿರ್ತಿತ್ತು.

ಒಂದು ತಿಂಗಳು ಅವಳಿಗೆ ಜ್ವರ ಬಂತು. ಹದಿನೈದು ದಿನ ಎದ್ದು ಓಡಾಡೋಕಾಗಲಿಲ್ಲ. ಅಂಗಡಿಗೆ ಹೋಗಲಿಲ್ಲ, ಬಾಗಿಲಿಗೂ ಬರಲಿಲ್ಲ. ಹೊಟ್ಟೆ ಕೇಳ್ಬೇಕಲ್ಲ. ಹಿಂದಿನ ದಿನ ಎಸೆಯೋಕೆ ಅಂತ ಮೂಲೇಲಿ ಇಟ್ಟಿದ್ದ ಹೀರೇಕಾಯಿ ಸಿಪ್ಪೆ ಕಣ್ಣಿಗೆ ಬಿತ್ತು. ಎರಡು ಹಸಿಮೆಣಸಿನಕಾಯಿ ಜೊತೆ ಹುರಿದು, ಹುಣಸೆಹಣ್ಣು ಹಾಕಿ ರುಬ್ಬಿದ್ಲು. ಒಂದು ತುತ್ತು ತಿಂದ್ಲು, ಇನ್ನೊಂದು ತುತ್ತು ತಿಂದ್ಲು. ಇಷ್ಟು ವರ್ಷ ಕಾಯಿ ತಿಂದು ರುಚಿನ ಬೀದಿಗೆ ಹಾಕಿದ್ನಲ್ಲ ಅಂತ ನಗು ಬಂತು. ಜ್ವರದ ಬಾಯಿಗೆ ಹಾಗನ್ನಿಸಿರಬೇಕು ಅಂತ, ಜ್ವರ ಬಿಟ್ಟ ಮೇಲೂ ಒಂದು ಸಲ ಮಾಡಿ ನೋಡಿದ್ಲು. ಇಲ್ಲ, ರುಚಿ ಸಿಪ್ಪೇದೇ.

ಅಲ್ಲಿಂದ ಅವಳಿಗೆ ಅದೊಂದು ಆಟ ಆಯ್ತು. ಬೆಳಗ್ಗೆ ಎದ್ದ ತಕ್ಷಣ, ಇವತ್ತು ಯಾವುದು ನನ್ನ ಕೈ ತಪ್ಪಿಸಿಕೊಂಡು ಬೀದಿಗೆ ಹೋಗುತ್ತೆ ನೋಡೇಬಿಡ್ತೀನಿ ಅಂತ ಸೆರಗು ಸಿಗಿಸ್ತಿದ್ಲು. ಅಕ್ಕಿ ತೊಳೆದ ನೀರು ದಾಸವಾಳದ ಬುಡಕ್ಕೆ ಹೋಯ್ತು. ಉಳಿದ ಅನ್ನ ಸಂಡಿಗೆ ಆಯ್ತು. ಹರಿದ ಸೀರೆಗಳು ಒಂದರ ಮೇಲೊಂದು ಕೂತು ಕೌದಿ ಆದವು. ಹೊಲೀತಾ ಹೊಲೀತಾ ಒಂದೊಂದು ಸೀರೆ ಉಟ್ಟ ದಿನಗಳೆಲ್ಲ ನೆನಪಾದವು. ಸಂತೆ ದಿನ ಎಸೆಯೋ ಸಾಲಿನ ಮುಂದೆ ನಡೆದುಹೋಗಿ, ಏನೂ ಕೊಳ್ಳದೆ ಆ ತುದೀಲಿ ಹೊರಗೆ ಬಂದಾಗ, ಯಾರನ್ನೋ ಗೆದ್ದ ಹಾಗೆ ಮೈ ಹಗುರ ಆಗ್ತಿತ್ತು. ಉಳಿದ ದುಡ್ಡಲ್ಲಿ ಹೆಂಚು ತಂದು ಚಾವಣಿ ಸರಿಮಾಡಿಸಿದ್ಲು. ಆಮೇಲೆ ಬಂದ ಮೊದಲ ಮಳೆಗೆ ಮನೆ ಮಧ್ಯ ಕಾಲು ಚಾಚಿ ಕೂತು, ಒಂದು ಹನೀನೂ ಬೀಳದ್ದನ್ನ ಸಿನಿಮಾ ನೋಡೋ ಹಾಗೆ ನೋಡಿದ್ಲು.

ಆದ್ರೆ ಹೊಸದು ಬೀಳದೆ, ಹಳೇದರಲ್ಲಿ ಕೆಲಸಕ್ಕೆ ಬರೋದು ಒಳಗೆ ಹೋಗಿ, ಉಳಿದದ್ದು ಕೊಳೆತು ಅವಳ ಗುಡ್ಡೆ ಇಳೀತು. ಮೊದಲನೇ ಹುಣ್ಣಿಮೆಗೆ ಮೊಣಕಾಲುದ್ದ, ಎರಡನೇ ಹುಣ್ಣಿಮೆಗೆ ಗೇಣುದ್ದ. ಎರಡು ಸಲವೂ ಊರಿಗೇ ಚಿಕ್ಕದು ಅವಳದ್ದೇ. ಇನ್ನೊಂದು ಹುಣ್ಣಿಮೆ ಹೀಗೇ ಆದ್ರೆ, ಈಗಷ್ಟೇ ಸೋರೋದು ನಿಂತ ಆ ಮನೆ ಹೋಗುತ್ತೆ.

ಪಕ್ಕದ ಮನೆ ಪುಟ್ಟಲಿಂಗಮ್ಮನಿಗೆ ಪಾಪ ಅನ್ನಿಸ್ತು. ಕಸ ತುಂಬಿದ ಮಂಕರಿ ಹೊತ್ಕೊಂಡು ಬಂದ್ಲು.

"ತಗೊಳೆ, ನಮ್ಮನೇದು ಎರಡು ಮಂಕರಿ ಹಾಕ್ಕೊ. ಯಾರಿಗೂ ಹೇಳಲ್ಲ."

"ಬೇಡ ಕಣಕ್ಕ. ಸಾಲದ ಕಸ ನಂಗ್ಯಾಕೆ?"

"ಅಯ್ಯೋ, ಈ ಹಟದಲ್ಲಿ ಮನೆ ಕಳ್ಕೊತೀಯಾ. ಆ ಕೌದಿ ಒಂದು ಎಸೆದ್ರೂ ಸಾಕು, ಅರ್ಧ ಮೊಳ ಏರುತ್ತೆ."

ಅವಳು ಹೋದ್ಮೇಲೆ ಸಿದ್ದಾಜಮ್ಮ ಕೌದಿ ಎತ್ಕೊಂಡು ಬಾಗಿಲವರೆಗೂ ಬಂದದ್ದು ನಿಜ. ಹೊಸ್ತಿಲ ಮೇಲೆ ನಿಂತು ಒಂದ್ಸಲ ಸೂರು ನೋಡಿದ್ಲು, ಒಂದ್ಸಲ ಕೈಲಿರೋ ಹೊಲಿಗೆ ನೋಡಿದ್ಲು. ಮನೆ ಉಳಿಸ್ಕೊಳ್ಳೋಕೆ ಮನೇಲಿರೋದನ್ನೆಲ್ಲಾ ಎಸೀತಾ ಹೋದ್ರೆ ಕೊನೇಗೆ ಉಳಿಯೋದು ಗೋಡೆ ತಾನೆ ಅನ್ನಿಸ್ತು. ಕೌದಿ ಕೊಡವಿ, ಒಳಗೆ ತಗೊಂಡು ಹೋಗಿ, ಹೊದ್ದು ಮಲಗಿದ್ಲು.

ಮೂರನೇ ಹುಣ್ಣಿಮೆಗೆ ಎಂಟು ದಿನ ಇರೋವಾಗ ಯಜಮಾನ್ರು ಅವಳಿಗೆ ಬುದ್ಧಿ ಹೇಳೋಕೆ ಬಂದ್ರು. ಬಂದವರು ಜಗುಲಿ ಮೇಲೆ ಕೂತ್ರು. ಅವರ ಮನೆ ಗುಡ್ಡೆ ಕಿಟಕಿ ಮುಚ್ಚಿ ವರ್ಷ ಆಗಿತ್ತು. ಇಲ್ಲಿ ಗಾಳಿ ಬೀಸ್ತಿತ್ತು. ಬೈಯೋದು ಮರೆತು ಎರಡು ಸಲ ಉಸಿರೆಳೆದ್ರು. ಸಿದ್ದಾಜಮ್ಮ ಒಂದು ರೊಟ್ಟಿ, ಒಂದಿಷ್ಟು ಚಟ್ನಿ ತಂದಿಟ್ಲು.

"ಏನಮ್ಮಾ ಇದು?"

"ಸಿಪ್ಪೆ ಯಜಮಾನ್ರೇ."

"ಸಿಪ್ಪೇನಾ!" ಅಂದ್ರು. ನಾಕು ರೊಟ್ಟಿ ತಿಂದ್ರು. ಕೈ ತೊಳೆದು ಎದ್ದವರು, "ರಾಜನ ಊರಲ್ಲೂ ಈಗ ಇದೇ ನಡೀತಿರಬಹುದು. ನಾವೇ ಹಿಂದೆ ಬಿದ್ವೋ ಏನೋ" ಅಂತ ಗಾಬರಿಯಲ್ಲಿ ಹೋದ್ರು. ಯಜಮಾನ್ರಿಗೆ ಲೋಕದಲ್ಲಿ ಹೆದರಿಕೆ ಅಂತ ಇದ್ದದ್ದು ಹಿಂದೆ ಬೀಳೋದಕ್ಕೆ ಮಾತ್ರ.

ಸಂಜೆಗೇ ಡಂಗುರ ಆಯ್ತು. "ಕೇಳ್ರಪ್ಪೋ ಕೇಳಿ! ಈ ಹುಣ್ಣಿಮೆಯಿಂದ ಯಾರ ಗುಡ್ಡೆ ಚಿಕ್ಕದೋ ಅವರಿಗೆ ಶಾಲು. ಯಾರ ಗುಡ್ಡೆ ದೊಡ್ಡದೋ ಅವರು ಅವತ್ತೇ ಕೆರೆ ಆಚೆಗೆ!"

ಪುಟ್ಟಲಿಂಗಮ್ಮ ಓಡಿಬಂದು ಸಿದ್ದಾಜಮ್ಮನ ಗಲ್ಲ ಹಿಂಡಿದ್ಲು. "ಗೆದ್ದೆ ಕಣೆ! ಮನೇನೂ ಉಳೀತು, ಶಾಲೂ ನಿಂದೇ." ಸಿದ್ದಾಜಮ್ಮನಿಗೂ ಹಾಗೇ ಅನ್ನಿಸ್ತು. ಎಷ್ಟೋ ದಿನದ ಮೇಲೆ ಕಣ್ಣುತುಂಬ ನಿದ್ದೆ ಮಾಡಿದ್ಲು.

ಊರಿಗೆ ಮಾತ್ರ ನಿದ್ದೆ ಬರಲಿಲ್ಲ. ಮುಂದಿನ ತಿಂಗಳಿಂದ ಎಸೆಯೋ ಹಾಗಿಲ್ಲವಲ್ಲ, ಎಸೆಯೋದಿದ್ರೆ ಈ ಎಂಟು ದಿನದಲ್ಲೇ ಎಸೆದುಬಿಡೋಣ, ಅಳತೆ ಹೊತ್ತಿಗೆ ಊರಾಚೆ ಸಾಗಿಸಿದ್ರಾಯ್ತು ಅಂತ ಎಲ್ಲರಿಗೂ ಒಂದೇ ಸಲ ಹೊಳೀತು. ಅಟ್ಟ ಬರಿದಾಯ್ತು. ಮಂಚ, ಅನ್ನ ಬೇಯಿಸೋ ಕೊಳದಪ್ಪಲೆ, ಕಂಬಳಿ, ಅರಿವೆಗಂಟು, ಒನಕೆ ಎಲ್ಲಾ ಬೀದಿಗೆ ಬಂದವು. ಹುಣ್ಣಿಮೆ ದಿನ ಬೆಳಗ್ಗೆ ಎದ್ದು ನೋಡಿದ್ರೆ ಒಬ್ಬೊಬ್ಬರ ಗುಡ್ಡೇನೂ ಸೂರಿಗೆ ತಾಗಿದೆ. ಊರಾಚೆ ಸಾಗಿಸೋಣ ಅಂದ್ರೆ ಆಗ ನೆನಪಾಯ್ತು, ಕಟ್ಟಳೆ ಇದೆ, ದಾರೀಲಿ ಕೋಲುಗಾರ ನಿಂತಿದಾನೆ. ಇವನು ಅವನ ಬಾಗಿಲಿಗೆ ತಳ್ಳಿದ, ಅವನು ಇವನ ಬಾಗಿಲಿಗೆ ತಿರುಗಿ ತಳ್ಳಿದ. ಕೈ ಕೈ ಮಿಲಾಯಿಸೋ ಹೊತ್ತಿಗೆ ಅಂಗಡಿಯವನು ಒಂದು ಮಾತಂದ.

"ಸಿದ್ದಾಜಮ್ಮ ಸಂತೆಗೆ ಹೋಗಿದಾಳೆ. ಅವಳ ಬಾಗಿಲಲ್ಲಿ ಜಾಗ ಬೇಕಾದಷ್ಟಿದೆ. ಒಬ್ಬೊಬ್ಬರು ಒಂದೇ ಒಂದು ಮಂಕರಿ ಹಾಕಿದ್ರೆ ಅವಳಿಗೇನು ಗೊತ್ತಾಗುತ್ತೆ?"

ಒಬ್ಬೊಬ್ಬರೂ ತಾನೊಬ್ಬನೇ ಎರಡನೇ ಮಂಕರಿ ಹಾಕ್ತಿದೀನಿ ಅಂದ್ಕೊಂಡ್ರು.

ಸಿದ್ದಾಜಮ್ಮ ಖಾಲಿ ಚೀಲ ಹೆಗಲಿಗೆ ಹಾಕ್ಕೊಂಡು ಸಂತೆಯಿಂದ ಬಂದಾಗ ಅವಳ ಮನೆ ಕಾಣಲಿಲ್ಲ. ಹೊಸಾ ಹೆಂಚಿನ ಒಂದು ಸಾಲು ಮಾತ್ರ ಗುಡ್ಡೆ ಹಿಂದೆ ಇಣುಕ್ತಿತ್ತು. ಕೋಲುಗಾರ ಕೋಲಿಟ್ಟ, ಕೋಲು ಸಾಲಲಿಲ್ಲ.

"ಇದು ನಂದಲ್ಲ" ಅಂದ್ಲು.

"ಬಾಗಿಲು ನಿಂದು ತಾನೆ?" ಅಂದ್ರು ಯಜಮಾನ್ರು. ಅವರು ಅವಳ ಮುಖ ನೋಡ್ತಿರಲಿಲ್ಲ. ಅವರ ಮನೆ ಆಳುಗಳೂ ಮೂರು ಸಲ ಬಂದು ಹೋಗಿದ್ರು.

ಸಿದ್ದಾಜಮ್ಮ ಒಬ್ಬೊಬ್ಬರನ್ನೇ ನೋಡಿದ್ಲು. ಎಲ್ಲರ ಬಾಗಿಲೂ ಗುಡಿಸಿ ರಂಗೋಲಿ ಹಾಕಿದ ಹಾಗಿತ್ತು. ಅವಳ ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳ್ಬಾರದು. ಸೆರಗಲ್ಲಿ ಒರೆಸ್ಕೊಂಡು ಗುಡ್ಡೆಯನ್ನ ನಿಧಾನವಾಗಿ ಮೇಲಿಂದ ಕೆಳಗೆ ನೋಡಿದ್ಲು. ಆಟ ಆಡಿ ಆಡಿ ಅವಳ ಕಣ್ಣು ಪಳಗಿತ್ತು. ಬೇರೆಯವರಿಗೆ ಕಸ ಕಾಣೋ ಕಡೆ ಅವಳಿಗೆ ನಾಕು ಕಾಲೂ ಗಟ್ಟಿ ಇರೋ ಮಂಚ ಕಾಣ್ತು, ಬೆಳಗಿದ್ರೆ ಹೊಳೆಯೋ ಕೊಳದಪ್ಪಲೆ ಕಾಣ್ತು.

"ಸರಿ. ಇದು ಯಾರದ್ದು ಅಂತ ಎಲ್ಲರ ಎದುರಿಗೆ ಒಂದ್ಸಲ ಹೇಳ್ಬಿಡಿ."

"ನಿಂದೇ!" ಅಂತು ಊರು.

"ಒಬ್ಬರದ್ದಾದ್ರೂ ಒಂದು ಸಾಮಾನು ಇದ್ರಲ್ಲಿ ಇದ್ರೆ ಈಗಲೇ ಹೇಳಿ. ಆಮೇಲೆ ಕೇಳಿದ್ರೆ ನಾನು ಕೊಡಲ್ಲ."

ಯಾರು ಬಾಯಿ ಬಿಡ್ತಾರೆ? ಬಿಟ್ಟವರ ಬಾಗಿಲಿಗೇ ಗುಡ್ಡೆ ವಾಪಸ್ ಬರುತ್ತೆ. "ಏನೂ ಇಲ್ಲ, ಎಲ್ಲಾ ನಿಂದೇ" ಅಂದ್ರು. ಊರು ಬಿಡೋರದ್ದು ಒಂದು ಕಡ್ಡೀನೂ ಒಳಗೆ ಉಳೀಬಾರದು ಅಂತ ಯಜಮಾನ್ರು ಊರಿನ ಗಾಡಿಗಳನ್ನೇ ಕಟ್ಟಿಸಿಕೊಟ್ರು. ಹನ್ನೊಂದು ಗಾಡಿ ತುಂಬಿದವು. ತುಂಬೋಕೆ ಊರೇ ಕೈ ಹಾಕ್ತು, ಬೇಗ ಹೋಗ್ಲಿ ಅಂತ.

ಸಿದ್ದಾಜಮ್ಮ ಕೊನೇ ಗಾಡೀಲಿ ಕೂತ್ಲು. ಗಾಡಿಗಳು ಬೀದೀಲಿ ಸಾಗ್ತಿದ್ದ ಹಾಗೆ ಜನ ಬಾಗಿಲಿಗೆ ಬಂದು ನೋಡ್ತಾ ನಿಂತ್ರು. ಆ ಹೊತ್ತಿಗೆ ಅಡುಗೆಗೆ ಇಡೋಣ ಅಂತ ಪಾತ್ರೆ ಹುಡುಕೋಕೆ ಒಳಗೆ ಹೋದ ಹೆಂಗಸರು ಒಬ್ಬೊಬ್ಬರೇ ಬರೀ ಕೈಲಿ ಹೊರಗೆ ಬಂದ್ರು. ಶಾಲು ಹಿಡ್ಕೊಂಡ ಯಜಮಾನ್ರು ಒಂದೂ ಕಸಕಡ್ಡಿ ಇಲ್ಲದ ಬಾಗಿಲುಗಳನ್ನ ನೋಡ್ತಾ, ಯಾರಿಗೆ ಹೊದಿಸ್ಲಿ ಅಂತ ಬೀದಿ ಉದ್ದಕ್ಕೂ ಅಡ್ಡಾಡ್ತಿದ್ರು.

ಪುಟ್ಟಲಿಂಗಮ್ಮ ಗಾಡಿ ಪಕ್ಕಕ್ಕೆ ಓಡಿಬಂದ್ಲು. ಅವಳ ಕಣ್ಣು ಕೊಳದಪ್ಪಲೆ ಮೇಲಿತ್ತು.

"ಸಿದ್ದಿ, ಆ ದಪ್ಪಲೆ ನಮ್ಮ..." ಅಂದ್ಲು. ಪಕ್ಕದಲ್ಲಿ ಕೋಲುಗಾರ ನಿಂತಿದ್ದ. ಅವಳು ಮಾತು ತಿರುಗಿಸಿದ್ಲು. "ಆ ದಪ್ಪಲೆ ನಮ್ಮಂಥವರ ಮನೇಲಿದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ?"

"ಹೂಂ ಕಣಕ್ಕ, ಯಾರೋ ಪುಣ್ಯಾತ್ಮರು ಎಸೆದಿದಾರೆ ನೋಡು" ಅಂದ್ಲು ಸಿದ್ದಾಜಮ್ಮ.

ಪುಟ್ಟಲಿಂಗಮ್ಮ ಹತ್ತು ಹೆಜ್ಜೆ ಗಾಡಿ ಜೊತೆ ನಡೆದ್ಲು. ಆಮೇಲೆ ದನಿ ತಗ್ಗಿಸಿ ಕೇಳಿದ್ಲು, "ಅಲ್ಲ ಕಣೆ, ಮುಂದಿನ ಹುಣ್ಣಿಮೆಗೆ ನಾನು ಎಷ್ಟು ಎತ್ತರ ಗುಡ್ಡೆ ಹಾಕಿದ್ರೆ ನನ್ನೂ ಆಚೆ ಕಳಿಸ್ತಾರೆ?"