ನೋಡಿ ಬರೆದದ್ದು

ಡಾಕ್ಟರ್ ಭವ್ಯ ಹಾಳೆಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದಾಗ, ಗಣಿಯ ಶೆಡ್ಡಿನಲ್ಲಿ ಕೂತಿದ್ದ ಡಂಪರ್ ಡ್ರೈವರುಗಳೆಲ್ಲ ಕತ್ತು ಚಾಚಿ ನೋಡಿದರು. ಗವಿಸಿದ್ದಪ್ಪ ಮಾತ್ರ ನೋಡಲಿಲ್ಲ.

"ಎಲ್ಲರದೂ ಒಂದೇ ಉತ್ತರ," ಎಂದರು ಡಾಕ್ಟರು. "ಒಬ್ಬರಿಗೂ ನಿದ್ದೆ ಬರಲ್ಲ. ಒಬ್ಬರಿಗೂ ಊಟ ಸೇರಲ್ಲ. ಯಾರಿಗೂ ಯಾವುದರಲ್ಲೂ ಮನಸ್ಸಿಲ್ಲ. ಇದು ನಿಜವಾದರೆ ಇವತ್ತೇ ಗಣಿ ಬಂದ್ ಮಾಡಿಸಬೇಕಾಗುತ್ತೆ."

ಸೂಪರ್‌ವೈಸರ್ ಮಲ್ಲಿಕಾರ್ಜುನ್ ಹೆಲ್ಮೆಟ್ ತೆಗೆದು ಮೇಜಿಗೆ ಕುಕ್ಕಿದ. "ಮದ್ಲು ಬರ್ದವ ಯಾವನಲೇ?"

ಸಂಡೂರು ಗುಡ್ಡದ ಆ ಗಣಿಯಲ್ಲಿ ಒಂದು ರೂಢಿ ಇತ್ತು. ಸುರಕ್ಷತೆಯ ತರಬೇತಿ ಮುಗಿದ ಮೇಲೆ ಪರೀಕ್ಷೆಯ ಹಾಳೆ ಕೊಟ್ಟರೆ ಪಿಯುಸಿ ಓದಿದ ಗವಿಸಿದ್ದಪ್ಪ ಬರೆಯುವುದು, ಉಳಿದವರು ಅದನ್ನೇ ಇಳಿಸಿಕೊಳ್ಳುವುದು. ಪ್ರಶ್ನೆ ಏನೆಂದು ಯಾರೂ ಓದುತ್ತಿರಲಿಲ್ಲ. ಇವತ್ತಿನ ಹಾಳೆ ಬೇರೆಯದು. ಕಳೆದ ಎರಡು ವಾರ ಮನಸ್ಸು ಹೇಗಿತ್ತು ಎಂದು ಕೇಳಿ, ನೀವೇ ಗುರುತು ಹಾಕಿ ಎಂದಿತ್ತು. ಇದು ಪರೀಕ್ಷೆಯಲ್ಲ, ತನ್ನದನ್ನು ಯಾರು ನೋಡುತ್ತಾರೆ ಎಂದುಕೊಂಡು ಗವಿಸಿದ್ದಪ್ಪ ಇದ್ದದ್ದನ್ನು ಇದ್ದ ಹಾಗೆ ಗುರುತು ಹಾಕಿದ್ದ. ಪಕ್ಕದಲ್ಲಿ ಕೂತಿದ್ದ ಮೂಕಣ್ಣ "ಕೊಡಲೇ ಜಲ್ದಿ" ಎಂದು ಕೈಯಡಿಯಿಂದ ಹಾಳೆ ಎಳೆದುಕೊಂಡಾಗ ಬೇಡ ಎನ್ನಲಾಗಲಿಲ್ಲ. ಬೇಡ ಎಂದರೆ ಯಾಕೆ ಎಂದು ಕೇಳುತ್ತಿದ್ದರು.

ಹೇಳಿದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಹೋದ ವರ್ಷ ಹನುಮೇಶ್ ತಲೆ ತಿರುಗುತ್ತದೆ ಎಂದು ಬಾಯಿಬಿಟ್ಟಿದ್ದ. ಅವನನ್ನು ಡಂಪರಿನಿಂದ ಇಳಿಸಿದರು. ಈಗ ಅವನು ಲಾರಿಗಳ ತೂಕದ ಕಟ್ಟೆಯ ಹತ್ತಿರ ಧೂಳಿಗೆ ನೀರು ಹೊಡೆಯುತ್ತಾನೆ. ಅವನ ಹೆಸರೇ ಚಕ್ಕರ್ ಎಂದಾಗಿದೆ.

"ಚ್ಯಾಷ್ಟಿ ಮಾಡಿವ್ರಿ ಮೇಡಂ," ಎಂದ ಮೂಕಣ್ಣ ಎದ್ದು ನಿಂತು. "ಈ ಗವಿ ಭಾಳ ಕಿಡಿಗೇಡಿ. ನಮಗ್ಯಾವ ಚಿಂತಿ ಅದಾವ್ರಿ? ನಿದ್ದಿ ಬಂದ್ರ ನನ್ನ ಹೆಂಡ್ತಿ ನೀರು ಹಾಕಿ ಎಬ್ಬಸ್ತಾಳ."

ಎಲ್ಲರೂ ನಕ್ಕರು. ಗವಿಸಿದ್ದಪ್ಪನೂ ನಕ್ಕ. ನಗುವಾಗ ದವಡೆ ನೋಯಿತು.

ಡಾಕ್ಟರು ನಗಲಿಲ್ಲ. ಹೊಸ ಹಾಳೆ ಹಂಚಿ, ಒಬ್ಬೊಬ್ಬರನ್ನೂ ದೂರದೂರ ಕೂರಿಸಿದರು. ಓದಲು ಬಾರದವರಿಗೆ ತಾವೇ ಓದಿ ಹೇಳುವುದಾಗಿ ಹೇಳಿ ಪಕ್ಕದ ಕೋಣೆಗೆ ಹೋದರು.

ಗವಿಸಿದ್ದಪ್ಪ ಮೊದಲನೆಯದಕ್ಕೆ 'ಇಲ್ಲವೇ ಇಲ್ಲ' ಎಂದು ಗುರುತು ಹಾಕಿದ. ಎರಡನೆಯದಕ್ಕೂ ಅದೇ. ಮೂರನೆಯದು ನಿದ್ದೆಯ ಬಗ್ಗೆ. ಅಲ್ಲಿಯೂ ಹಾಕಿದ. ಹೀಗೇ ಕೊನೆಯವರೆಗೆ ಬಂದ. ಬದುಕಿರುವುದಕ್ಕಿಂತ ಸಾಯುವುದೇ ಮೇಲು ಅನಿಸಿದೆಯೇ ಎಂದಿತ್ತು. ಪೆನ್ನು ಅಲ್ಲಿ ನಿಂತಿತು. ಹೊರಗೆ ಯಾರೋ ಡಂಪರ್ ಹಿಂದಕ್ಕೆ ತೆಗೆಯುತ್ತಿದ್ದರು. ಅದರ ಪೀ ಪೀ ಸದ್ದು ಮುಗಿಯುವ ತನಕ ಕೂತಿದ್ದು, ಎದ್ದು ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದ.

"ಮೇಡಂ, ಇದು ಸುಳ್ಳೈತ್ರಿ. ಮದಲಿನ ಹಾಳಿ ಐತಲ್ರಿ, ಅದು ನಂದು. ಉಳಿದೋರದು ಅಲ್ಲ."

"ಕೂತ್ಕೊಳ್ಳಿ."

ಅವನು ನಿಂತೇ ಹೇಳಿದ. ಯುಗಾದಿಗೆ ಮೊದಲು ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಗಾಡಿಯನ್ನು ಮಣ್ಣಿನ ಒಡ್ಡಿಗೆ ಗುದ್ದಿಸಿ ನಿಲ್ಲಿಸಿದ. ಯಾರಿಗೂ ಗೀರು ಗಾಯವೂ ಆಗಲಿಲ್ಲ. ಕಂಪನಿಯವರು ಹಾರ ಹಾಕಿದರು, ಫೋಟೊ ತೆಗೆದರು.

"ಎಲ್ಲಾರೂ ಶಬಾಷ್ ಅಂದ್ರು. ಏನೂ ಆಗಿಲ್ಲಲ್ಲ, ಯಾರ ಮುಂದ ಏನಂತ ಹೇಳ್ಬೇಕ್ರಿ? ಕಣ್ಣು ಮುಚ್ಚಿದ್ರ ಗಾಡಿ ಇಳೀತೈತಿ."

ಡಾಕ್ಟರು ಕೊನೆಯ ಪ್ರಶ್ನೆಯನ್ನು ಬಾಯಲ್ಲೇ ಕೇಳಿದರು. ಅವನು ಕೈಯಲ್ಲಿದ್ದ ಹಾಳೆಯನ್ನು ಮಡಚುತ್ತ, "ಒಮ್ಮೊಮ್ಮಿ," ಎಂದ.

"ಹೇಳಿದ್ದು ಒಳ್ಳೆಯದಾಯ್ತು. ಇವತ್ತು ನಿಮ್ಮನ್ನ ಒಬ್ಬರೇ ಕಳಿಸಲ್ಲ. ನನ್ನ ಜೊತೆ ಆಸ್ಪತ್ರೆಗೆ ಬರ್ತೀರಿ, ಮನೆಯವರನ್ನೂ ಕರೆಸೋಣ. ಸದ್ಯಕ್ಕೆ ಗಾಡಿ ಬೇಡ."

"ತೂಕದ ಕಟ್ಟಿಗೆ ಹಾಕ್ತಾರೇನ್ರಿ?"

"ಹಾಕಬೇಡಿ ಅಂತ ಬರೀತೀನಿ. ಅವರು ಕೇಳ್ತಾರೆ ಅಂತ ಭರವಸೆ ಕೊಡಲಾರೆ."

ಅವನು ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟ. ಡಾಕ್ಟರು ಕರೆದಾಗ ಮಲ್ಲಿಕಾರ್ಜುನ್ ಬಂದು ಅದನ್ನು ಎತ್ತಿಕೊಂಡ. ಹೊರಗೆ ಹೋಗಿ ಮೂಕಣ್ಣನನ್ನು ಕರೆದು ಅವನ ಕೈಗೆ ಕೊಟ್ಟ.

ಡಾಕ್ಟರು ಫೋನಿನಲ್ಲಿ ಮಾತಾಡುತ್ತಿದ್ದರು. ಗವಿಸಿದ್ದಪ್ಪ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತ. ಅದಿರು ತುಂಬಿದ ಅವನ ಗಾಡಿ ಕೆಂಪು ಧೂಳೆಬ್ಬಿಸುತ್ತ ಇಳಿಜಾರಿನ ತಿರುವಿಗೆ ಬಂದಿತ್ತು. ಸಿಮೆಂಟಿನ ನೆಲವನ್ನು ಅವನ ಬಲಗಾಲು ಒತ್ತಿ ಹಿಡಿದಿತ್ತು.